ಅಪ್ಪನಿಗಿದ್ದ ಸೋರಿಯಾಸಿಸ್ ನನ್ನ ಮಗುವಿಗೂ ಬರುತ್ತಾ?

ಪ್ರಶ್ನೆ: ನನಗೆ 29 ವರ್ಷ. 17ನೇ ವಯಸ್ಸಿನಲ್ಲಿ ಜೋರು ಗಂಟಲು ನೋವು ಬಂದು ಹೋದ ಮೇಲೆ ಮೈತುಂಬ ಸಣ್ಣ ಸಣ್ಣ ಕೆಂಪು ಮಚ್ಚೆ ಎದ್ದವು. ಸೋರಿಯಾಸಿಸ್ ಅಂದರು. ಅಪ್ಪನಿಗೂ ಇದೆ. ಆರು ತಿಂಗಳು ಅಡಾಲಿಮುಮ್ಯಾಬ್ ಇಂಜೆಕ್ಷನ್ ತೆಗೆದುಕೊಂಡೆ, ಹೇಳುವಷ್ಟು ಫಲ ಸಿಗಲಿಲ್ಲ. ಅದೇ ಇಂಜೆಕ್ಷನ್‌ನಿಂದ ನನ್ನ ಗೆಳತಿಯ ಚರ್ಮ ಪೂರ್ತಿ ತಿಳಿಯಾಯಿತು. ಈಗ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುತ್ತಿದ್ದೇನೆ. ಮಗು ಮಾಡಿಕೊಳ್ಳುವ ಆಸೆಯಿದೆ, ಆದರೆ ಅದಕ್ಕೂ ಈ ಕಾಯಿಲೆ ಬಂದರೆ ಅನ್ನೋ ಭಯ. ಜೀನ್ ಟೆಸ್ಟ್ ಮಾಡಿಸಲೇ?

ಉತ್ತರ: ಮೊದಲು ಮಗುವಿನ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡಿದ್ದು ಆ ಭಯವೇ.

ಸೋರಿಯಾಸಿಸ್ ಕುಟುಂಬಗಳಲ್ಲಿ ಮುಂದುವರಿಯುತ್ತದೆ, ನಿಜ. ಆದರೆ ಮಕ್ಕಳಿಗೆ ದಾಟುವುದು ಕಾಯಿಲೆ ಬರುವ ಸಾಧ್ಯತೆ ಮಾತ್ರ. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಜೀವಮಾನದಲ್ಲಿ ಬರುವ ಸಾಧ್ಯತೆ ಬೇರೆ ಬೇರೆ ಅಧ್ಯಯನಗಳ ಪ್ರಕಾರ ಶೇ 14ರಿಂದ 28ರಷ್ಟು. ಅಂದರೆ ಬಾರದೇ ಇರುವ ಸಾಧ್ಯತೆಯೇ ಜಾಸ್ತಿ, ಅಲ್ವಾ? ಒಂದೇ ರೂಪದ ಅವಳಿಗಳನ್ನೇ ನೋಡಿ. ಇಬ್ಬರ ಜೀನ್‌ಗಳೂ ಒಂದೇ. ಆದರೂ ಎಷ್ಟೋ ಜೋಡಿಗಳಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಇನ್ನೊಬ್ಬರ ಚರ್ಮ ಚೆನ್ನಾಗಿಯೇ ಇರುತ್ತದೆ.

ಈ ಕಾಯಿಲೆಯ ಜೊತೆ ನಂಟಿರುವ ಜೀನ್ ಜಾಗಗಳು ಈಗಾಗಲೇ ಹತ್ತಾರು ಗೊತ್ತಾಗಿವೆ. ಎಲ್ಲಕ್ಕಿಂತ ದೊಡ್ಡ ಪಾಲು 6ನೇ ಕ್ರೋಮೋಸೋಮ್‌ನಲ್ಲಿರುವ ಎಚ್‌ಎಲ್‌ಎ-ಸಿ ಜೀನ್‌ನ 06:02 ಎಂಬ ರೂಪದ್ದು. ಜೀವಕೋಶದ ಒಳಗಿನ ಪ್ರೋಟೀನ್ ಚೂರುಗಳನ್ನು ಹೊರಗೆ ಹಿಡಿದು, ಸೋಂಕಿನ ವಿರುದ್ಧ ಹೋರಾಡುವ ಟಿ-ಕೋಶಗಳಿಗೆ ತೋರಿಸುವುದು ಈ ಜೀನ್‌ನಿಂದಾಗುವ ಕೆಲಸ. ಈ ರೂಪ ಇದ್ದವರಲ್ಲಿ ಕೆಲವೊಮ್ಮೆ ಚರ್ಮದ್ದೇ ಚೂರನ್ನು ನೋಡಿ ಟಿ-ಕೋಶಗಳು ಶತ್ರು ಅಂದುಕೊಂಡು ಮೇಲೆ ಬೀಳುತ್ತವೆ. ಸುಮಾರು ಒಂದು ತಿಂಗಳಲ್ಲಿ ಬದಲಾಗಬೇಕಿದ್ದ ಚರ್ಮ ಆಗ ಕೆಲವೇ ದಿನಗಳಲ್ಲಿ ಬೆಳೆದು, ಹುರುಪೆಯಾಗಿ ಉದುರುತ್ತದೆ.

ನಿಮ್ಮ ಕಥೆ ಈ ಜೀನ್‌ಗೆ ತುಂಬಾ ಹೊಂದುತ್ತದೆ. ಚಿಕ್ಕ ವಯಸ್ಸಿನಲ್ಲೇ ಶುರು, ಮನೆಯಲ್ಲಿ ಇನ್ನೊಬ್ಬರಿಗಿದೆ, ಗಂಟಲು ನೋವಿನ ಬೆನ್ನಿಗೇ ಹನಿ ಚೆಲ್ಲಿದ ಹಾಗೆ ಮಚ್ಚೆಗಳು. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಗಂಟಲು ಸೋಂಕಿನ ನಂತರ ಹೀಗಾಗುವವರಲ್ಲಿ 06:02 ತುಂಬಾ ಸಾಮಾನ್ಯ. ಆದರೆ ಅದು ಇದ್ದವರಲ್ಲಿ ಬಹುಪಾಲು ಜನರಿಗೆ ಸೋರಿಯಾಸಿಸ್ ಬರುವುದೇ ಇಲ್ಲ. ಹಾಗಾಗಿ ಕಾಯಿಲೆ ಇಲ್ಲದ ಮಗುವಿಗೆ ಈ ಟೆಸ್ಟ್ ಮಾಡಿಸುವುದು ಸುಮ್ನೆ ಚಿಂತೆ ಕೊಂಡು ತಂದಂತೆ. ಅದನ್ನು ಮಾಡಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಜೀನ್ ಜೊತೆಗೆ ಹೊರಗಿನ ಕಾರಣವೂ ಬೇಕು. ಒಬ್ಬ ಹುಡುಗನ ಕೈ ನನಗೆ ಈಗಲೂ ನೆನಪಿದೆ. ಬೆಕ್ಕು ಪರಚಿ ಎರಡು ವಾರ ಆಗಿತ್ತು. ಗಾಯ ಮಾಯ್ದ ಜಾಗದಲ್ಲೇ ಮೂರು ಗೆರೆಗಳು ಎದ್ದಿದ್ದವು, ಒಂದೊಂದರ ಮೇಲೂ ಬೆಳ್ಳಿ ಬಣ್ಣದ ಹುರುಪೆ. ಪಕ್ಕದ ಚರ್ಮ ನುಣುಪಾಗಿತ್ತು. ಜೀನ್ ಎರಡೂ ಕಡೆ ಒಂದೇ ಇತ್ತಲ್ಲ! ಸಿಗರೇಟು, ಹೆಚ್ಚಿದ ತೂಕ, ಮದ್ಯ, ಲಿಥಿಯಂನಂಥ ಕೆಲವು ಔಷಧಿಗಳೂ ಹೀಗೇ ಕಾಯಿಲೆಯನ್ನು ಕೆರಳಿಸುತ್ತವೆ.

ಇನ್ನು ಇಂಜೆಕ್ಷನ್ ವಿಷಯ. ಗೆಳತಿಗೆ ಹಿಡಿಸಿದ್ದು ನಿಮಗೆ ಹಿಡಿಸದೇ ಇದ್ದಿದ್ದು ನಿಮ್ಮ ತಪ್ಪಲ್ಲ. ಅಡಾಲಿಮುಮ್ಯಾಬ್ ತಡೆಯುವುದು ಟಿಎನ್‌ಎಫ್ ಎಂಬ ಉರಿಯೂತದ ಸಂಕೇತವನ್ನು. 06:02 ಇಲ್ಲದವರಲ್ಲಿ ಇದು ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಇಂಟರ್‌ಲ್ಯೂಕಿನ್ 12 ಮತ್ತು 23 ಎಂಬ ಬೇರೆ ಸಂಕೇತಗಳನ್ನು ತಡೆಯುವ ಉಸ್ಟೆಕಿನುಮ್ಯಾಬ್ ಇಂಜೆಕ್ಷನ್ ಮಾತ್ರ 06:02 ಇದ್ದವರಲ್ಲೇ ಮೇಲು. ಆದರೆ ಇದು ಗುಂಪುಗಳ ಸರಾಸರಿ. 06:02 ಇದ್ದೂ ಅಡಾಲಿಮುಮ್ಯಾಬ್‌ನಿಂದ ಗುಣ ಕಂಡವರಿದ್ದಾರೆ. ಸೆಕುಕಿನುಮ್ಯಾಬ್ ಎಂಬ ಇನ್ನೊಂದು ಇಂಜೆಕ್ಷನ್‌ಗಂತೂ ಈ ರೂಪ ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಕಂಡಿಲ್ಲ. ಅದಕ್ಕೇ ಔಷಧಿ ಆರಿಸಲು ಜೀನ್ ಟೆಸ್ಟ್ ಇನ್ನೂ ಮಾಮೂಲಿ ಆಗಿಲ್ಲ. ಕೀಲು ನೋವು ಇದೆಯೇ, ಕ್ಷಯ ಅಥವಾ ಹೆಪಟೈಟಿಸ್ ಬಿ ಸೋಂಕು ಇದೆಯೇ, ಹಿಂದೆ ಯಾವುದು ಕೆಲಸ ಮಾಡಲಿಲ್ಲ ಅನ್ನೋದೇ ಇವತ್ತಿಗೂ ಹೆಚ್ಚು ದಾರಿ ತೋರಿಸುತ್ತದೆ.

ನಿಮ್ಮ ವಿಷಯದಲ್ಲಿ ಟೆಸ್ಟ್‌ಗಿಂತ ತುರ್ತಾದದ್ದು ಆ ಮೆಥೊಟ್ರೆಕ್ಸೇಟ್. ಅದು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಬಸಿರಾಗುವ ಮೊದಲೇ ನಿಲ್ಲಿಸಬೇಕು. ಎಷ್ಟು ತಿಂಗಳು ಮೊದಲು ಅನ್ನೋದನ್ನು ನಿಮ್ಮ ವೈದ್ಯರ ಜೊತೆ ಕೂತು ತೀರ್ಮಾನಿಸಿ, ಅಲ್ಲಿಯವರೆಗೆ ಗರ್ಭನಿರೋಧಕ ಬಿಡಬೇಡಿ. ಸೋರಿಯಾಸಿಸ್‌ಗೇ ಕೊಡುವ ಅಸಿಟ್ರೆಟಿನ್ ಮಾತ್ರೆ ಬರೆದುಕೊಟ್ಟರೆ ಮಗುವಿನ ಆಸೆ ಇದೆ ಎಂದು ಹೇಳಿಬಿಡಿ, ಅದನ್ನು ನಿಲ್ಲಿಸಿದ ಮೇಲೂ ಮೂರು ವರ್ಷ ಬಸಿರಾಗಬಾರದು. ಬಸಿರಿನಲ್ಲಿ ಯುವಿಬಿ ಎಂಬ ನೇರಳಾತೀತ ಬೆಳಕಿನ ಚಿಕಿತ್ಸೆ ಕೊಡಬಹುದು. ಮಗುವಿಗೆ ದಾಟುವುದೇ ಅಪರೂಪವಾದ ಸರ್ಟೊಲಿಝುಮ್ಯಾಬ್ ಎಂಬ ಇಂಜೆಕ್ಷನ್ ಕೂಡ ಇದೆ. ಬಸಿರಿನಲ್ಲಿ ಎಷ್ಟೋ ಹೆಣ್ಣುಮಕ್ಕಳ ಸೋರಿಯಾಸಿಸ್ ತಾನಾಗಿಯೇ ತಗ್ಗುತ್ತದೆ, ಹೆರಿಗೆಯಾದ ಕೆಲವು ವಾರಗಳಲ್ಲಿ ಮತ್ತೆ ಏಳಬಹುದು. ಆ ವಾರಗಳಿಗೆ ಯಾವ ಔಷಧಿ ಅನ್ನೋದನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.