ಎರಡು ಗಾಬ್ಲಿನ್‌ಗಳ ನಡುವೆ ಸಿಕ್ಕಿಕೊಂಡ ವಿಝಾರ್ಡ್ ಡಾಡ್ಜ್ ಮಾಡಬೇಕಾ, ಡಿಸ್‌ಎಂಗೇಜ್ ಮಾಡಬೇಕಾ?

ಪಾತ್ರ ವಹಿಸಿ ದಾಳ ಎಸೆದು ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಐದನೇ ಆವೃತ್ತಿ (2014) ಅಂದುಕೊಂಡು ಹೇಳುತ್ತೇನೆ. ಮೊದಲು ನೋಡಬೇಕಾದದ್ದು ಓಡಿಹೋಗಲು ಜಾಗ ಇದೆಯಾ ಅನ್ನೋದು.

ಡಿಸ್‌ಎಂಗೇಜ್ ಮಾಡಿದರೆ ಹಿಂದೆ ಸರಿಯುವಾಗ ಏಟು ಬೀಳುವುದಿಲ್ಲ, ಅಷ್ಟೇ. ನಿಮ್ಮ ವೇಗ 30 ಅಡಿ, ಗಾಬ್ಲಿನ್‌ದೂ 30 ಅಡಿ. ಅದರ ಸರದಿ ಬಂದಾಗ ಮತ್ತೆ ನಿಮ್ಮ ಪಕ್ಕದಲ್ಲೇ ನಿಂತಿರುತ್ತದೆ. ಬಾಗಿಲಿಗೆ ಅಡ್ಡ ನಿಂತ ಫೈಟರ್ ಹಿಂದೆ ನುಸುಳೋಕೆ ಆಗುತ್ತೆ ಅಂದ್ರೆ ಮಾತ್ರ ಇದು ಲಾಭ.

ಜಾಗ ಇಲ್ಲವಾ? ಡಾಡ್ಜ್ ಮಾಡಿ. ಮೇಜ್ ಆರ್ಮರ್ ಮಂತ್ರ ಹಾಕಿಕೊಂಡು ನಿಮ್ಮ ಎಸಿ (ಏಟು ತಗುಲಲು ಎದುರಾಳಿ ಮುಟ್ಟಬೇಕಾದ ಅಂಕ) 15 ಇದ್ದರೆ, ದಾಳಕ್ಕೆ +4 ಸೇರಿಸಿಕೊಳ್ಳುವ ಗಾಬ್ಲಿನ್ 20 ಮುಖದ ದಾಳದಲ್ಲಿ 11 ಅಥವಾ ಜಾಸ್ತಿ ಉರುಳಿಸಬೇಕು. ಅಂದರೆ 50% ಅವಕಾಶ. ಡಾಡ್ಜ್ ಮಾಡಿದರೆ ಅದು ದಾಳ ಎರಡು ಸಲ ಎಸೆದು ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಬೇಕು. ಅವಕಾಶ 25%ಗೆ ಇಳಿಯುತ್ತದೆ. ಹೊಡೆಯುವವರು ನಿಮಗೆ ಕಾಣಿಸುತ್ತಿರಬೇಕು, ಇದನ್ನು ತುಂಬಾ ಜನ ಮರೀತಾರೆ.

ಆದರೆ ಶೀಲ್ಡ್ ಮಂತ್ರ ಗೊತ್ತಿದ್ದರೆ ಈ ಚರ್ಚೆಯೇ ಬೇಡ ಅನ್ನಿಸುತ್ತದೆ ನನಗೆ. ಏಟು ತಗುಲಿತು ಅಂದಮೇಲೆ ರಿಯಾಕ್ಷನ್‌ನಲ್ಲಿ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ತಕ್ಷಣದ ಪ್ರತಿಕ್ರಿಯೆ) ಹಾಕಬಹುದು, ನಿಮ್ಮ ಮುಂದಿನ ಸರದಿಯವರೆಗೆ ಎಸಿ 20. ಇಲ್ಲೂ ಅದೇ 25%. ಮಂತ್ರ ಹಾಕಲು ಇರುವ ಮೊದಲ ಹಂತದ ಸ್ಲಾಟ್ ಒಂದು ಖರ್ಚಾಗುತ್ತದೆ, ನಿಜ. ಆದರೆ ಆಕ್ಷನ್ (ಸರದಿಯ ಮುಖ್ಯ ಕೆಲಸ; ಡಾಡ್ಜ್, ಡಿಸ್‌ಎಂಗೇಜ್‌ಗೆ ಅದೇ ಖರ್ಚು) ಉಳಿಯುತ್ತದಲ್ವಾ, ಅದರಲ್ಲಿ ಗಾಬ್ಲಿನ್‌ಗಳನ್ನೇ ಸುಡಬಹುದು.