ಕ್ಯಾಮೆರಾದ ಎದುರಿನ ಮಣೆ

ಛಾಯಾಗ್ರಹಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಕೆ ತೋಟ ನೋಡಿಕೊಂಡಿರುವವನು. ಹದಿನೈದು ವರ್ಷಗಳಿಂದ ಪ್ರತಿ ಕೊಯ್ಲಿನಲ್ಲೂ ಮರವೇರಿ ಅಡಕೆ ಗೊನೆ ಇಳಿಸುವ ಕೊನೆಗೌಡರ, ರಾತ್ರಿ ಕುಳಿತು ಅಡಕೆ ಸುಲಿಯುವ ಹೆಂಗಸರ, ಅಡಕೆ ಬೇಯಿಸುವ ಹಂಡೆಯ ಬೆಂಕಿ ನೋಡಿಕೊಳ್ಳುವವರ ಚಿತ್ರಗಳನ್ನು ತೆಗೆಯುತ್ತ ಬಂದಿದ್ದೇನೆ. ಈಗ ನಮ್ಮೂರ ಗ್ರಂಥಾಲಯದಲ್ಲಿ ಆ ಚಿತ್ರಗಳ ಪ್ರದರ್ಶನ ನಡೆಯಲಿದ್ದು, ಬಾಗಿಲ ಬಳಿ ಹಾಕಲು ನನ್ನದೊಂದು ಭಾವಚಿತ್ರ ಬೇಕೆಂದು ಕೇಳಿದ್ದಾರೆ. ಮೊಬೈಲಿನಲ್ಲಿ ನಲವತ್ತು ಬಾರಿ ತೆಗೆದುಕೊಂಡು ನಲವತ್ತನ್ನೂ ಅಳಿಸಿದೆ. ಯಾವುದರಲ್ಲೂ ಇರುವುದು ನಾನಲ್ಲ ಅನ್ನಿಸುತ್ತದೆ. ಕಣ್ಣು ಬಿಗಿದಿರುತ್ತದೆ, ಮೂಗು ದಪ್ಪಗೆ ಕಾಣುತ್ತದೆ. ಕ್ಯಾಮೆರಾದ ಹಿಂದೆ ನಿಂತಾಗ ಮಾತ್ರ ನನಗೆ ಸಮಾಧಾನ. ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವುದು ಜಂಬವಲ್ಲವೇ? ತೆಗೆಯಲೇಬೇಕಾದರೆ ಹೇಗೆ ತೆಗೆಯಲಿ? ನನ್ನ ಬಳಿ ಒಂದು ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ, 50 ಮಿಲಿಮೀಟರ್ ಲೆನ್ಸ್ ಮತ್ತು ಟ್ರೈಪಾಡ್ ಇವೆ.

ಉತ್ತರ: ಮೊದಲು ಆ ನಲವತ್ತು ಚಿತ್ರಗಳ ವಿಚಾರ. ಅವುಗಳಲ್ಲಿ ಇದ್ದದ್ದು ನೀವೇ; ಆದರೆ ನೀವು ಬಲ್ಲ ನೀವಲ್ಲ. ಚಿಕ್ಕಂದಿನಿಂದ ನಾವು ನಮ್ಮ ಮುಖವನ್ನು ನೋಡಿಕೊಂಡಿರುವುದು ಕನ್ನಡಿಯಲ್ಲಿ, ಅಂದರೆ ಎಡಬಲ ಅದಲುಬದಲಾದ ರೂಪದಲ್ಲಿ. ಯಾರ ಮುಖದ ಎರಡು ಪಕ್ಕಗಳೂ ಒಂದೇ ಅಚ್ಚಿನವಲ್ಲವಾದ್ದರಿಂದ, ಬೈತಲೆ, ಹುಬ್ಬಿನ ಏರು, ತುಟಿಯ ಓರೆ ಇವೆಲ್ಲ ಚಿತ್ರದಲ್ಲಿ ಎದುರು ಬದಿಗೆ ಬಂದು ಕುಳಿತಾಗ ಏನೋ ತಪ್ಪಿದಂತೆ ಭಾಸವಾಗುತ್ತದೆ. 1977ರಲ್ಲಿ ಮೀಟಾ, ಡರ್ಮರ್ ಮತ್ತು ನೈಟ್ ಎಂಬ ಅಮೆರಿಕದ ಸಂಶೋಧಕರು, ಕೆಲವು ಮಹಿಳೆಯರ ಮುಂದೆ ಅವರದೇ ಮುಖದ ಎರಡು ಪ್ರತಿಗಳನ್ನು, ಒಂದು ಇದ್ದಂತೆಯೇ, ಇನ್ನೊಂದು ಕನ್ನಡಿಯಲ್ಲಿ ಕಾಣುವಂತೆ, ಇಟ್ಟು ಆರಿಸಲು ಹೇಳಿದರು. ಆ ಮಹಿಳೆಯರಲ್ಲಿ ಹೆಚ್ಚಿನವರು ಕನ್ನಡಿಯ ರೂಪವನ್ನು ಮೆಚ್ಚಿದರೆ, ಅವರ ಆಪ್ತರು ಇದ್ದಂತಿರುವ ಚಿತ್ರವನ್ನೇ ಮೆಚ್ಚಿದರು. ಒಬ್ಬೊಬ್ಬರೂ ತಮಗೆ ಹೆಚ್ಚು ರೂಢಿಯಾದ ಮುಖವನ್ನು ಆರಿಸಿಕೊಂಡರು, ಅಷ್ಟೆ. ಆದ್ದರಿಂದ ‘ಇದು ನಾನಲ್ಲ’ ಎಂಬ ನಿಮ್ಮ ತೀರ್ಪನ್ನು ಈ ಒಂದು ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಚಿತ್ರವನ್ನು ಅಳಿಸುವ ಮುನ್ನ ನಿಮ್ಮ ಮನೆಯವರಿಗೆ ತೋರಿಸಿ, ನಿಮ್ಮ ಮುಖ ಹೇಗಿದೆಯೆಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಮೂಗಿನ ದೂರು ಮಾತ್ರ ನಿಜವಾದದ್ದು, ಅದಕ್ಕೆ ಕಾರಣ ದೂರ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳಿ. ಮಡಿಸಿದ ಕೈಯಲ್ಲಿ ಮೊಬೈಲನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಕಿವಿ 52 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಂದರೆ ಕಿವಿಗೆ ಹೋಲಿಸಿದರೆ ಮೂಗು ಶೇಕಡಾ 30ರಷ್ಟು ಹಿಗ್ಗಿ ಮೂಡುತ್ತದೆ. ಅದೇ ಕ್ಯಾಮೆರಾ 2 ಮೀಟರ್ ದೂರದಲ್ಲಿದ್ದರೆ ಆ ಹಿಗ್ಗು ಶೇಕಡಾ 6ಕ್ಕೆ ಇಳಿಯುತ್ತದೆ. ಎದುರು ಕುಳಿತು ಮಾತಾಡುವವರು ನಮ್ಮನ್ನು ನೋಡುವುದೂ ಹೆಚ್ಚುಕಡಿಮೆ ಅಷ್ಟು ದೂರದಿಂದಲೇ. ಆದ್ದರಿಂದ ಮೊಬೈಲನ್ನು ಬದಿಗಿಟ್ಟು, ನಿಮ್ಮ ಡಿಎಸ್‌ಎಲ್‌ಆರ್ ಅನ್ನು ಟ್ರೈಪಾಡಿಗೆ ಏರಿಸಿ 2 ಮೀಟರ್ ದೂರದಲ್ಲಿಡಿ. ಅದರದು ಎಪಿಎಸ್-ಸಿ ಅಳತೆಯ (ಫುಲ್ ಫ್ರೇಮ್‌ಗಿಂತ ಚಿಕ್ಕದಾದ, ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿರುವ) ಸೆನ್ಸರ್ ಆಗಿದ್ದರೆ, ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿದಾಗ 50 ಮಿಲಿಮೀಟರ್ ಲೆನ್ಸಿನಲ್ಲಿ ತಲೆಯಿಂದ ಸೊಂಟದವರೆಗೆ ಹಿಡಿಸುತ್ತದೆ. ಕೈಗಳೂ ಚೌಕಟ್ಟಿನೊಳಗೆ ಬರುತ್ತವೆ, ಅವು ಬರಲೇಬೇಕು ಎಂದು ನನ್ನ ಅಭಿಪ್ರಾಯ. ಕಾರಣ ಮುಂದೆ ಹೇಳುತ್ತೇನೆ.

ಜಂಬದ ಪ್ರಶ್ನೆಗೆ ಬರೋಣ. ಹದಿನೈದು ಕೊಯ್ಲುಗಳಲ್ಲಿ ನಿಮ್ಮ ಕ್ಯಾಮೆರಾದ ಮುಂದೆ ಎಷ್ಟು ಜನ ಕುಳಿತಿದ್ದಾರೆ! ದಿನವಿಡೀ ದುಡಿದು, ರಾತ್ರಿ ಮತ್ತೆ ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸರು, ತಲೆಗೂದಲು ಕೆದರಿದೆಯೆಂದೋ ಸೀರೆ ಹಳೆಯದೆಂದೋ ಮೊದಲು ಸಂಕೋಚಪಟ್ಟು, ಆಮೇಲೆ ನಿಮ್ಮ ಮೇಲಿನ ವಿಶ್ವಾಸದಿಂದ ಮುಖವನ್ನು ನಿಮಗೆ ಕೊಟ್ಟಿದ್ದಾರೆ. ಅವರ ಮುಖಗಳು ಗೋಡೆಯ ಮೇಲಿದ್ದು, ಅವನ್ನು ತೆಗೆದವನು ಮಾತ್ರ ಮರೆಯಲ್ಲಿ ಉಳಿಯುವುದನ್ನು ನಾನು ವಿನಯವೆಂದು ಕರೆಯಲಾರೆ. ಅವರಿಂದ ನೀವು ಏನನ್ನು ಕೇಳಿ ಪಡೆದಿರೋ ಅದನ್ನೇ ಈ ಬಾರಿ ನೀವು ಕೊಡಬೇಕಾಗಿದೆ. ಹೀಗೆ ನೋಡಿದರೆ ಎಲ್ಲಿ ಕೂರಬೇಕು, ಯಾವ ಬೆಳಕಿನಲ್ಲಿ, ಯಾವ ಬಟ್ಟೆಯಲ್ಲಿ ಎಂಬ ಪ್ರಶ್ನೆಗಳಿಗೂ ಉತ್ತರ ಸಿಕ್ಕಂತಾಗುತ್ತದೆ: ಅವರು ಕುಳಿತಲ್ಲಿಯೇ, ಅವರ ಎತ್ತರದಲ್ಲಿಯೇ, ಕೆಲಸದ ಬಟ್ಟೆಯಲ್ಲಿಯೇ.

ಹಿಂದೆ ನಿಲ್ಲಲು ಬಯಸಿದವರು ಮುಂದೆ ಬಂದ ಉದಾಹರಣೆಗಳು ಈ ಕಲೆಯಷ್ಟೇ ಹಳೆಯವು. ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ ಅವರು 1839ರಲ್ಲಿ ತಮ್ಮ ಮನೆತನದ ದೀಪದ ಅಂಗಡಿಯ ಹಿಂದೆ ತೆಗೆದುಕೊಂಡ ಡಾಗೆರೊಟೈಪ್ (ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡಿಸುತ್ತಿದ್ದ ಅಂದಿನ ಛಾಯಾಚಿತ್ರ), ಉಳಿದು ಬಂದಿರುವ ಅತ್ಯಂತ ಹಳೆಯ ಸ್ವಂತ ಭಾವಚಿತ್ರಗಳಲ್ಲಿ ಒಂದು. ಕೂದಲು ಕೆದರಿದೆ, ಕೈ ಕಟ್ಟಿದೆ, ಚೌಕಟ್ಟಿನ ನಡುವಿನಿಂದ ಅವರು ಒಂದು ಬದಿಗೆ ಸರಿದಿದ್ದಾರೆ. ಲೆನ್ಸಿನ ಮುಂದೆ ಕುಳಿತವನಿಗೆ ಚೌಕಟ್ಟು ಕಾಣುವುದಿಲ್ಲವೆಂಬ ನಮ್ಮ ಇಂದಿನ ಕಷ್ಟ ಅಂದೂ ಇತ್ತು. ನಮ್ಮ ದೇಶದಲ್ಲಿ, ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್ (1870–1954) ಸಂಸ್ಕೃತ ಮತ್ತು ಪರ್ಷಿಯನ್ ಭಾಷೆಗಳಲ್ಲಿ ಪಾಂಡಿತ್ಯವಿದ್ದವರು. ದಶಕಗಳ ಕಾಲ ತಮ್ಮನ್ನು ತಾವೇ ಚಿತ್ರಿಸಿಕೊಂಡು, ವಯಸ್ಸು ತಮ್ಮ ದೇಹದ ಮೇಲೆ ಮಾಡಿದ ಕೆಲಸವನ್ನು ಮುಚ್ಚಿಡದೆ ದಾಖಲಿಸಿದರು. ಷಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ವಿವಿಯನ್ ಮೇಯರ್ (1926–2009) ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬಿಟ್ಟುಹೋದರು, ಬದುಕಿದ್ದಾಗ ಅವುಗಳ ಪ್ರದರ್ಶನವನ್ನೇ ಮಾಡಲಿಲ್ಲ. ಅಷ್ಟು ಮರೆಯಲ್ಲಿದ್ದ ಆ ಹೆಣ್ಣುಮಗಳು ಅಂಗಡಿಯ ಗಾಜಿನಲ್ಲಿ, ಕನ್ನಡಿಯಲ್ಲಿ, ನೆಲದ ನೆರಳಿನಲ್ಲಿ ತಮ್ಮನ್ನು ಮತ್ತೆ ಮತ್ತೆ ಹಿಡಿದಿದ್ದಾರೆ. ಎದೆಯ ಮಟ್ಟದಲ್ಲಿ ಹಿಡಿಯುವ ರೋಲಿಫ್ಲೆಕ್ಸ್ ಕ್ಯಾಮೆರಾ ಆದದ್ದರಿಂದ ಅವರ ಮುಖ ಮುಚ್ಚಿಹೋಗಿಲ್ಲ, ಕ್ಯಾಮೆರಾವೂ ಚಿತ್ರದಿಂದ ಬಿಟ್ಟುಹೋಗಿಲ್ಲ. ಈ ಮೂವರಲ್ಲಿ ಯಾರ ಚಿತ್ರದಲ್ಲೂ ನನಗೆ ಜಂಬ ಕಂಡಿಲ್ಲ.

ಇನ್ನು ತೆಗೆಯುವ ಬಗೆ. ಹೆಂಚಿನ ಮನೆಯ ಜಗುಲಿಯನ್ನು ನಾನು ಶಿವಮೊಗ್ಗದ ಯಾವ ಸ್ಟುಡಿಯೊಗೂ ಬದಲಾಗಿ ಆರಿಸಿಕೊಳ್ಳುವೆ. ಮಳೆಯ ಇರಚಲು ತಡೆಯಲೆಂದು ತಗ್ಗಾಗಿ ಇಳಿಸಿದ ಸೂರು, ನೆತ್ತಿಯ ಮೇಲಿನಿಂದ ಬರುವ ಬೆಳಕನ್ನು ತಡೆದು, ಅಂಗಳದ ಕಡೆಯಿಂದ ಅಡ್ಡಲಾಗಿ ಬರುವ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಆ ಬೆಳಕು ಹುಬ್ಬಿನ ಕೆಳಗೆ ಕಣ್ಣಿನ ಗುಳಿಯವರೆಗೂ ತಲುಪುತ್ತದೆ. ಮೋಡ ಮುಚ್ಚಿದ ದಿನವಾದರೆ ಇನ್ನೂ ಒಳ್ಳೆಯದು. ಜಗುಲಿಯ ಅಂಚಿನಿಂದ ಒಂದು ಮೀಟರಿನಷ್ಟು ಒಳಗೆ ಮಣೆ ಹಾಕಿ, ಅಂಗಳಕ್ಕೆ ಓರೆಯಾಗಿ ಕುಳಿತುಕೊಳ್ಳಿ. ನೆಲಕ್ಕೆ ಕೆಂಪು ಸಿಮೆಂಟ್ ಬಳಿದಿದ್ದರೆ ಅದರ ಕೆಂಪು ಗಲ್ಲದ ಕೆಳಗೆ ಹತ್ತುತ್ತದೆ, ಚೌಕಟ್ಟಿನ ಹೊರಗೆ ಒಂದು ಬಿಳಿ ಪಂಚೆ ಹಾಸಿದರೆ ಸಾಕು. ತೋಟದೊಳಗೆ ಮಾತ್ರ ತೆಗೆಯಬೇಡಿ: ಅಡಕೆಯ ಹೆಡೆಗಳನ್ನು ಹಾದು ಬರುವ ಹಸಿರು ಬೆಳಕು ಮುಖದ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬೀಳುವುದರಿಂದ ಬೆಳಕಿನ ಬಣ್ಣವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಬದಲಿಸಿದರೂ ಪೂರ್ತಿ ಹೋಗುವುದಿಲ್ಲ. ರಾತ್ರಿ ಸುಲಿಯುವ ಹೊತ್ತಿನಲ್ಲಿಯೇ ತೆಗೆಯುವುದಾದರೆ, ನಮ್ಮ ವಿದ್ಯುತ್ತು 50 ಹರ್ಟ್ಸ್ ಆಗಿರುವ ಕಾರಣ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆಂಬುದನ್ನು ನೆನಪಿಡಿ. ಷಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿನಲ್ಲಿಟ್ಟರೆ ಎಲ್‌ಇಡಿ ದೀಪದಡಿ ಚಿತ್ರದಲ್ಲಿ ಪಟ್ಟೆಗಳು ಮೂಡುವುದಿಲ್ಲ.

ಫೋಕಸ್ ಹಿಡಿಯಲು ನೀವು ಕೂರುವ ಜಾಗದಲ್ಲಿ ನಿಮ್ಮ ಕಣ್ಣಿನ ಎತ್ತರಕ್ಕೆ ಬರುವಂತೆ ಒಂದು ಕೊಡೆಯನ್ನು ತೂಗುಹಾಕಿ, ಅದರ ಹಿಡಿಯ ಮೇಲೆ ಫೋಕಸ್ ಮಾಡಿ, ಫೋಕಸ್ ತಾನಾಗಿ ಬದಲಾಗದಂತೆ ಲೆನ್ಸನ್ನು ಮ್ಯಾನ್ಯುವಲ್‌ಗೆ ತಿರುಗಿಸಿಬಿಡಿ. ಲೆನ್ಸಿನ ದ್ವಾರ (ಅಪರ್ಚರ್) ದೊಡ್ಡದಾಗಿ ತೆರೆದಿರುವ ಎಫ್ 1.8ರಲ್ಲಿ ಸ್ಪಷ್ಟತೆಯ ಆಳ, ಅಂದರೆ ಹಿಂದುಮುಂದಾಗಿ ಸ್ಪಷ್ಟವಾಗಿ ಮೂಡುವ ಅಂತರ, ಸುಮಾರು 10 ಸೆಂಟಿಮೀಟರ್ ಮಾತ್ರ, ಒಂದಿಷ್ಟು ಮುಂದಕ್ಕೆ ಬಾಗಿದರೂ ಕಣ್ಣು ಮಸುಕಾಗುತ್ತದೆ, ದ್ವಾರ ಕಿರಿದಾಗುವ ಎಫ್ 5.6ರಲ್ಲಿ ಅದು 30 ಸೆಂಟಿಮೀಟರ್ ದಾಟುವುದರಿಂದ ನಿರಾತಂಕವಾಗಿ ಕೂರಬಹುದು. ಬೆಳಕು ಸಾಲದಿದ್ದರೆ ಸೆನ್ಸರಿನ ಬೆಳಕಿನ ಸಂವೇದನೆಯಾದ ಐಎಸ್‌ಒ ಅನ್ನು 1600ರವರೆಗೆ ಏರಿಸಲು ಹಿಂಜರಿಯಬೇಡಿ.

ಕಣ್ಣು ಬಿಗಿಯುವುದಕ್ಕೆ ಹತ್ತು ಸೆಕೆಂಡಿನ ಟೈಮರೇ ಅರ್ಧ ಕಾರಣ. ಓಡಿಹೋಗಿ ಕುಳಿತು, ಕೆಂಪು ದೀಪ ಮಿನುಗುವುದನ್ನು ಎಣಿಸುತ್ತ, ಉಸಿರು ಹಿಡಿದುಕೊಂಡವನ ಮುಖ ಬಿಗಿಯದೆ ಇನ್ನೇನಾದೀತು? ಸ್ಟುಡಿಯೊದಲ್ಲಿ ‘ಉಸಿರು ಬಿಡಿ, ಭುಜ ಇಳಿಸಿ’ ಎನ್ನಲು ಒಬ್ಬರಿರುತ್ತಾರೆ. ಇಲ್ಲಿ ಆ ಮಾತನ್ನು ಹೇಳುವವರಿಲ್ಲ. ಆದ್ದರಿಂದ ಐದೈದು ಸೆಕೆಂಡಿಗೆ ಒಂದರಂತೆ ತಾನಾಗಿ ಚಿತ್ರ ತೆಗೆಯುವ ಇಂಟರ್ವಲ್ ಟೈಮರ್ ಬಳಸಿ. ಕ್ಯಾಮೆರಾದೊಳಗೆ ಆ ಸೌಲಭ್ಯ ಇಲ್ಲದಿದ್ದರೆ, ಆ ಸೌಲಭ್ಯವಿರುವ, ಕ್ಯಾಮೆರಾಕ್ಕೆ ಹೊಂದುವ ತಂತಿಯ ರಿಮೋಟ್ ಪ್ರತ್ಯೇಕವಾಗಿ ಸಿಗುತ್ತದೆ. ಸರಣಿ ಶುರುವಾದ ಮೇಲೆ ಒಂದು ಬುಟ್ಟಿ ಹಸಿ ಅಡಕೆ ಎದುರಿಗಿಟ್ಟುಕೊಂಡು ಸುಲಿಯತೊಡಗಿ. ಮೊದಲ ಹತ್ತು ಚಿತ್ರಗಳಲ್ಲಿ ನೀವು ಕ್ಯಾಮೆರಾಕ್ಕಾಗಿ ಕುಳಿತಿರುತ್ತೀರಿ, ಆಮೇಲೆ ಕತ್ತಿಯ ಮೇಲಿನ ಗಮನ ಕ್ಯಾಮೆರಾವನ್ನು ಮರೆಸುತ್ತದೆ. ಕೈಗಳು ಚೌಕಟ್ಟಿನಲ್ಲಿರಬೇಕೆಂದದ್ದು ಇದಕ್ಕೇ: ಕೈಗೆ ಕೆಲಸ ಸಿಕ್ಕ ಕೂಡಲೇ ಮುಖ ತನ್ನ ಪಾಡಿಗೆ ತಾನಿರುತ್ತದೆ. ನಡುನಡುವೆ, ಯಾರೋ ಕರೆದರೆ ತಲೆಯೆತ್ತುವಂತೆ, ಲೆನ್ಸಿನ ಕಡೆ ನೋಡಿ ಮತ್ತೆ ಕೆಲಸಕ್ಕೆ ಮರಳಿ.

ಒಂದು ಕಟ್ಟಪ್ಪಣೆ: ಎದ್ದೆದ್ದು ಹೋಗಿ ಪರದೆ ನೋಡಬೇಡಿ, ಅಂದೇ ಏನನ್ನೂ ಅಳಿಸಬೇಡಿ. ಮರುದಿನ ಎಲ್ಲವನ್ನೂ ನೋಡಿ ಐದನ್ನು ಆರಿಸಿ, ನಿಮ್ಮ ಚಿತ್ರಗಳಲ್ಲಿ ಹೆಚ್ಚು ಬಾರಿ ಕಾಣಿಸಿಕೊಂಡಿರುವ ಆ ಹೆಂಗಸರಲ್ಲೇ ಒಬ್ಬರ ಮುಂದಿಡಿ. ಅವರು ಬೆರಳಿಟ್ಟ ಚಿತ್ರವನ್ನು ಗ್ರಂಥಾಲಯಕ್ಕೆ ಕೊಡಿ.

ಪ್ರಶ್ನೆ: ನಾನು ಹೊಸನಗರದ ವಿದ್ಯಾರ್ಥಿನಿ. ಕುಂದಾದ್ರಿ ಬೆಟ್ಟದ ಮೇಲೆ ಸೂರ್ಯನಿಗೆ ಬೆನ್ನು ಹಾಕಿ ಬಂಡೆಯ ಮೇಲೆ ಬಿದ್ದ ನನ್ನ ನೆರಳು, ಕೆರೆಯ ನೀರಿನಲ್ಲಿ ನನ್ನ ಬಿಂಬ, ಇಂಥವನ್ನಷ್ಟೇ ತೆಗೆದುಕೊಂಡಿದ್ದೇನೆ. ಮುಖ ಕಾಣದಿದ್ದರೂ ಇವು ಸ್ವಂತ ಭಾವಚಿತ್ರಗಳೇ?

ಉತ್ತರ: ಹೌದು, ಖಂಡಿತ. ಮುಖ ತೋರಿಸಲು ಅಳುಕುವವರಿಗೆ ನೆರಳಿಗಿಂತ ಒಳ್ಳೆಯ ಆರಂಭವಿಲ್ಲ. ಆದರೆ ಒಂದು ವಿಷಯವನ್ನು ಪರೀಕ್ಷಿಸಿಕೊಳ್ಳಿ: ಆ ನೆರಳಿನ ಜಾಗದಲ್ಲಿ ನಿಮ್ಮ ಗೆಳತಿಯ ನೆರಳಿದ್ದರೆ ಚಿತ್ರ ಬೇರೆಯಾಗುತ್ತಿತ್ತೇ? ಆಗುವುದಿಲ್ಲವಾದರೆ ಅದು ಬಂಡೆಯ ಚಿತ್ರ. ನಿಮ್ಮ ಜಡೆ, ಹೆಗಲ ಚೀಲ, ಕ್ಯಾಮೆರಾ ಹಿಡಿಯುವಾಗ ಮೊಣಕೈ ಮಡಿಸುವ ನಿಮ್ಮದೇ ರೀತಿ ಅದರಲ್ಲಿ ಗುರುತು ಸಿಗುವಂತಿರಲಿ. ಸೂರ್ಯ ತಗ್ಗಿನಲ್ಲಿರುವಾಗ ನೆರಳು ಉದ್ದವಾಗಿ ಎಳೆದುಕೊಳ್ಳುವುದರಿಂದ, ಸಂಜೆಯಾದರೆ ಇನ್ನೂ ಸ್ವಲ್ಪ ಮೊದಲೇ, ಸೂರ್ಯ ತುಸು ಎತ್ತರದಲ್ಲಿರುವಾಗ ತೆಗೆದರೆ ಆಕಾರ ನಿಮ್ಮದಾಗಿ ಉಳಿಯುತ್ತದೆ. ನೀರಿನ ಬಿಂಬದಲ್ಲಿ ಫೋಕಸ್ ನೀರಿನ ಮೇಲ್ಮೈಗೆ ಕೂರದೆ ಬಿಂಬಕ್ಕೇ ಕೂರಬೇಕು. ಬಿಂಬದ ದೂರವೆಂದರೆ ಕ್ಯಾಮೆರಾದಿಂದ ನೀರಿಗೂ ನೀರಿನಿಂದ ನಿಮಗೂ ಇರುವ ದೂರಗಳ ಮೊತ್ತ. ಮಳೆಗಾಲದಲ್ಲಿ ಪಾಚಿಗಟ್ಟಿದ ಬಂಡೆಯ ಅಂಚಿಗೆ ದಯವಿಟ್ಟು ಹೋಗಬೇಡಿ, ಒಬ್ಬಳೇ ಇದ್ದಾಗಲಂತೂ ಬೇಡವೇ ಬೇಡ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟವರಿಗೆ ಕಾಲಡಿಯ ನೆಲ ಕಾಣುವುದಿಲ್ಲ.

ಪ್ರಶ್ನೆ: ಜಾಗ, ಬೆಳಕು, ಚೌಕಟ್ಟು ಎಲ್ಲವನ್ನೂ ನಾನೇ ನಿಶ್ಚಯಿಸಿ, ತಂಗಿಯ ಕೈಯಲ್ಲಿ ಬಟನ್ ಮಾತ್ರ ಒತ್ತಿಸಿದರೆ ಅದನ್ನು ಸ್ವಂತ ಭಾವಚಿತ್ರವೆಂದು ಸ್ಪರ್ಧೆಗೆ ಕಳುಹಿಸಬಹುದೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ನನ್ನ ಮಟ್ಟಿಗೆ, ಕ್ಷಣವನ್ನು ಆರಿಸಿದವರು ಯಾರು ಎಂಬುದರ ಮೇಲೆ ಇದು ನಿಲ್ಲುತ್ತದೆ. ‘ಈಗ’ ಎಂದು ನೀವು ಹೇಳಿದಾಗ ಆಕೆ ಒತ್ತಿದ್ದರೆ ಚಿತ್ರ ನಿಮ್ಮದು. ನಿಮ್ಮ ಮುಖದಲ್ಲಿ ಏನನ್ನೋ ಕಂಡು ಆಕೆ ತಾನಾಗಿ ಒತ್ತಿದ್ದರೆ ಅದು ಆಕೆ ತೆಗೆದ ನಿಮ್ಮ ಚಿತ್ರ, ಮತ್ತು ಅದು ಹೆಚ್ಚು ಚೆನ್ನಾಗಿಯೂ ಬಂದಿರಬಹುದು. ಸ್ಪರ್ಧೆಯ ನಿಯಮ ಇದಕ್ಕಿಂತ ಬಿಗಿಯಾಗಿರುವ ಸಾಧ್ಯತೆ ಇರುವುದರಿಂದ ಕಳುಹಿಸುವ ಮುನ್ನ ಆಯೋಜಕರಿಗೆ ಬರೆದು ಕೇಳಿ. ಎರಡನೆಯ ಬಗೆಯದಾದರೆ ಅಡಿಬರಹದಲ್ಲಿ ತಂಗಿಯ ಹೆಸರು ಹಾಕಿ ಅವಳಿಂದಲೇ ಕಳುಹಿಸಿ, ಸ್ಪರ್ಧೆಗೆ ನೀವು ಇಂಟರ್ವಲ್ ಟೈಮರ್ ಇಟ್ಟುಕೊಂಡು ಇನ್ನೊಮ್ಮೆ ಕುಳಿತುಕೊಳ್ಳಿ.