ನಿತ್ಯಪುಷ್ಪದ ಕ್ಯಾನ್ಸರ್ ಔಷಧಿ ತಯಾರಿಸುವ ಕಿಣ್ವವನ್ನು ಯೀಸ್ಟಿಗೆ ಹಾಕಿದರೆ ಸಾಲದೇ?

ಸಾಲದು. ಏಕೆಂದರೆ ವಿನ್‌ಬ್ಲಾಸ್ಟಿನ್ ಎಂಬ ಆ ಔಷಧಿ ತಯಾರಾಗುವುದು ಒಂದು ಕಿಣ್ವದ ಕೆಲಸವಲ್ಲ, ಸುಮಾರು 30 ಹಂತಗಳ ಸರಣಿ. ಸಸ್ಯಗಳ ಜೀವರಸಾಯನ ನನ್ನ ಓದಿನ ವಿಷಯ, ಅದರಲ್ಲೂ ಈ ಗಿಡ ಅಚ್ಚುಮೆಚ್ಚು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮಲ್ಲಿ ಕಾಶಿ ಕಣಗಿಲೆ ಅಂತಲೂ ಕರೆಯುವ ಈ ಗಿಡದ ತವರು ಮಡಗಾಸ್ಕರ್. ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲದಿಂದ ಒಂದು ಕಿಣ್ವ ಟ್ರಿಪ್ಟಮಿನ್ ಮಾಡುತ್ತದೆ. ಅದನ್ನು ಸೆಕೋಲೊಗಾನಿನ್ ಎಂಬ ಇನ್ನೊಂದು ಅಣುವಿನ ಜೊತೆ ಬೆಸೆಯುವುದು ಸ್ಟ್ರಿಕ್ಟೋಸಿಡಿನ್ ಸಿಂಥೇಸ್ ಎಂಬ ಕಿಣ್ವ. ಹೀಗೆ ಹುಟ್ಟುವ ಸ್ಟ್ರಿಕ್ಟೋಸಿಡಿನ್ ಮೂಲದಿಂದಲೇ ಸರ್ಪಗಂಧದ ಅಜ್ಮಲಿನ್, ಸಿಂಕೋನಾ ಮರದ ಕ್ವಿನೈನ್‌ನಂಥ ಬೇರೆ ಔಷಧಿಗಳು ಕೂಡ ಬರುವುದು.

ಈ ಬೆಸುಗೆ ನಡೆಯುವುದು ಎಲೆಯ ಹೊರಪದರದ ಕೋಶಗಳ ರಸದಾನಿಯಲ್ಲಿ, ಅಂದರೆ ಕೋಶದೊಳಗಿನ ದ್ರವ ತುಂಬಿದ ಚೀಲದಲ್ಲಿ. ಆದರೆ ಸ್ಟ್ರಿಕ್ಟೋಸಿಡಿನ್‌ನಲ್ಲಿರುವ ಸಕ್ಕರೆಯನ್ನು ಕಳಚುವ ಗ್ಲುಕೋಸಿಡೇಸ್ ಕಿಣ್ವ ಇರುವುದು ಕೋಶಕೇಂದ್ರದಲ್ಲಿ! ಹುಳ ಎಲೆ ಕಚ್ಚಿದಾಗ ಪೊರೆಗಳು ಹರಿದು ಎರಡೂ ಕೂಡುತ್ತವೆ. ಸಕ್ಕರೆ ಕಳಚಿಕೊಂಡ ಅಣು ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟಿಕೊಂಡು ಅವನ್ನೆಲ್ಲ ಒಂದಕ್ಕೊಂದು ಸಿಕ್ಕಿಸಿಬಿಡುತ್ತದೆ. ಗಿಡದ ಆತ್ಮರಕ್ಷಣೆ ಅದು. ಮುಂದಿನ ಹಂತಗಳಲ್ಲಿ ಕೆಲವು ಬೇರೆಯೇ ಬಗೆಯ ಕೋಶಗಳಲ್ಲಿ ನಡೆಯುತ್ತವೆ. ಅಂದರೆ ಯಾವ ಕಿಣ್ವ ಅನ್ನುವಷ್ಟೇ ಅದು ಎಲ್ಲಿದೆ ಅನ್ನುವುದೂ ಮುಖ್ಯ.

ಸರಣಿಯ ನಡುವಿನ ಕೊಂಡಿಗಳು ಬಹುಕಾಲ ಸಿಕ್ಕಿರಲಿಲ್ಲ. 2018ರಲ್ಲಿ ಸಿಕ್ಕವು. ಡಿಹೈಡ್ರೋಸೆಕೋಡಿನ್ ಎಂಬ ಅಸ್ಥಿರ ಅಣುವನ್ನು ಒಂದು ಕಿಣ್ವ ಒಂದು ರೀತಿಯಲ್ಲಿ ಮಡಚಿದರೆ ಕ್ಯಾಥರಾಂಥಿನ್, ಇನ್ನೊಂದು ಕಿಣ್ವ ಬೇರೆ ರೀತಿ ಮಡಚಿದರೆ ಟ್ಯಾಬರ್ಸೋನಿನ್. ಟ್ಯಾಬರ್ಸೋನಿನ್ ಮತ್ತೆ 7 ಕಿಣ್ವಗಳ ಕೈ ದಾಟಿ ವಿಂಡೋಲಿನ್ ಆಗುತ್ತದೆ. ಕ್ಯಾಥರಾಂಥಿನ್, ವಿಂಡೋಲಿನ್ ಕೂಡಿದರೆ ವಿನ್‌ಬ್ಲಾಸ್ಟಿನ್‌ಗೆ ದಾರಿ.

ನಿಮ್ಮ ಯೀಸ್ಟಿನ ಯೋಚನೆ ತಪ್ಪೇನಲ್ಲ. 2022ರಲ್ಲಿ ವಿಜ್ಞಾನಿಗಳು ಅದನ್ನು ಮಾಡಿ ತೋರಿಸಿದರು. ಗಿಡಗಳ 34 ಜೀನ್‌ಗಳನ್ನು ಸೇರಿಸಿ, ಯೀಸ್ಟಿನ ಸ್ವಂತ ಜೀನ್‌ಗಳನ್ನೂ ತಿದ್ದಬೇಕಾಯಿತು. ಇಷ್ಟಾದರೂ ಕ್ಯಾಥರಾಂಥಿನ್, ವಿಂಡೋಲಿನ್ ಸಿಕ್ಕಿದ್ದು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ, ಅವೆರಡರ ಕೊನೆಯ ಜೋಡಣೆ ಯೀಸ್ಟಿನ ಹೊರಗೆ, ರಾಸಾಯನಿಕವಾಗಿ. ಆದರೂ ಈ ಔಷಧಿಯ ಕೊರತೆ ಕಂಡ ರೋಗಿಗಳನ್ನು ನೆನೆದರೆ ನನಗಿದು ಬಹಳ ದೊಡ್ಡ ಹೆಜ್ಜೆ.

ಎಲೆಯನ್ನೇ ಜಗಿದರಾಗದೇ ಅಂತಲೂ ಕೇಳಿದ್ದೀರಿ. ದಯವಿಟ್ಟು ಬೇಡ. ವಿನ್‌ಬ್ಲಾಸ್ಟಿನ್ ಎಲೆಯಲ್ಲಿರುವುದು ಅತ್ಯಲ್ಪ. ಜೊತೆಗಿರುವ ಆಲ್ಕಲಾಯ್ಡ್‌ಗಳು (ಇದೇ ಗುಂಪಿನ ಸಸ್ಯ ರಾಸಾಯನಿಕಗಳು) ನೂರಕ್ಕೂ ಹೆಚ್ಚು, ಅವುಗಳಲ್ಲಿ ವಿಷಕಾರಿಯಾದವೂ ಇವೆ. ಆಸ್ಪತ್ರೆಯಲ್ಲಿ ಈ ಔಷಧಿಯನ್ನು ಶುದ್ಧೀಕರಿಸಿ, ಅಳೆದು, ರಕ್ತನಾಳಕ್ಕೇ ಕೊಡುತ್ತಾರೆ.